ತೋಟದ ತುಂಬ ಬಳ್ಳಿ ಬಿಟ್ಟರೆ ಗೊಬ್ಬರ ಅದೇ ತಿನ್ನಲ್ವಾ?

ಉಡುಪಿ ಹತ್ತಿರ ಹಿರಿಯಡ್ಕದ ಕಡೆಯ ನಮ್ಮ ತೋಟಕ್ಕೆ ಬಂದವರೆಲ್ಲ ಇದನ್ನೇ ಕೇಳುತ್ತಾರೆ. ಕಳೆ ತೆಗೆಯುವ ಬದಲು ಬೇಕೆಂದೇ ನೆಲ ಮುಚ್ಚುವ ಪ್ಯೂರೇರಿಯಾ ಬಳ್ಳಿ ಹಬ್ಬಿಸಿದ್ದೀರಲ್ಲ, ತೆಂಗಿಗೆ ಹಾಕಿದ್ದೆಲ್ಲ ಅದರ ಪಾಲಾಗಲ್ವಾ ಅಂತ.

ಬುಡಕ್ಕೆ ಬಿಟ್ಟರೆ ಖಂಡಿತ ಆಗುತ್ತದೆ. ಬಿಡಬಾರದು, ಅಷ್ಟೇ. ತೆಂಗಿನ ಸುತ್ತ ಸುಮಾರು 2 ಮೀಟರ್ ಜಾಗ ನಾನು ಬಳ್ಳಿಗೆ ಕೊಡುವುದಿಲ್ಲ. ಗೊಬ್ಬರ ಹಾಕುವುದು ಅಲ್ಲೇ. ಒಳಗೆ ನುಗ್ಗಿದ ಬಳ್ಳಿಯನ್ನು ಕತ್ತರಿಸಿ ಅದೇ ಬುಡಕ್ಕೆ ಹೊದಿಸುತ್ತೇನೆ. ಇದು ದ್ವಿದಳ ಜಾತಿಯದು. ಬೇರಿನ ಗಂಟಿನಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದುಕೊಡುತ್ತದೆ, ಹಾಗಾಗಿ ಆ ಸೊಪ್ಪು ಕೊಳೆತಾಗ ಮರಕ್ಕೆ ಸಿಗುವುದೇ ಜಾಸ್ತಿ.

ಇನ್ನೊಂದು ಮಾತು. ನಮ್ಮಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಇಂಥ ಊರಲ್ಲಿ ನೆಲ ಖಾಲಿ ಇರುವುದುಂಟಾ? ನಾವು ಏನೂ ಹಾಕದಿದ್ದರೆ ಕಮ್ಯುನಿಸ್ಟ್ ಗಿಡ, ನಾಚಿಕೆ ಮುಳ್ಳು, ಮಿಕಾನಿಯಾ ತಾವಾಗಿಯೇ ಬರುತ್ತವೆ, ಮೆಷಿನ್ ಹಿಡಿದು ಕೊಚ್ಚಿದರೂ ಆಟಿ ತಿಂಗಳು (ಜುಲೈ-ಆಗಸ್ಟ್) ಮುಗಿಯುವುದರೊಳಗೆ ಮತ್ತೆ ಮೊಣಕಾಲೆತ್ತರ. ಕೆರೆದು ಬೋಳು ಮಾಡಿದರೆ ಇನ್ನೂ ಕಷ್ಟ. ಇಳಿಜಾರಿನ ಮೇಲ್ಮಣ್ಣು ನೀರು ಹೋಗುವ ಕಣಿಯಲ್ಲಿ ಹರಿದುಹೋಗಿ ಕೆಳಗಿನ ಮುರಕಲ್ಲು (ಜಂಬಿಟ್ಟಿಗೆ) ಉಳಿಯುತ್ತದೆ. ಬಳ್ಳಿ ದಪ್ಪಗೆ ಹೊದ್ದುಕೊಂಡರೆ ಕಳೆಗೆ ಬಿಸಿಲೇ ಸಿಗುವುದಿಲ್ಲ, ಹನಿಯ ಪೆಟ್ಟೂ ಮಣ್ಣಿಗೆ ಬೀಳುವುದಿಲ್ಲ.

ಆದರೆ ಎಲ್ಲ ತೋಟಕ್ಕೂ ಒಂದೇ ಬಳ್ಳಿ ಅಂತ ನಾನು ಹೇಳುವುದಿಲ್ಲ. ತೆಂಗಿನ ಸಾಲಿನ ನಡುವೆ ಬಿಸಿಲು ಬೀಳುತ್ತದೆ, ಪ್ಯೂರೇರಿಯಾ ಚೆನ್ನಾಗಿ ಬರುತ್ತದೆ. ಅಡಿಕೆ ತೋಟದ ದಟ್ಟ ನೆರಳಿಗೆ ಅದು ಸೊರಗುತ್ತದೆ, ಅಷ್ಟೇ ಅಲ್ಲ, ಉದುರಿದ ಅಡಿಕೆ ಹೆಕ್ಕುವವರಿಗೆ ಬಳ್ಳಿಯೊಳಗೆ ಕೈ ಹಾಕಿ ಹುಡುಕುವುದು ದೊಡ್ಡ ಹಿಂಸೆ. ಹಾವಿನ ಹೆದರಿಕೆ ಬೇರೆ, ಅದು ಸುಮ್ನೆ ಹೇಳುವ ಮಾತಲ್ಲ. ಅಲ್ಲಿಗೆ ಮನೆ ಮುಂದೆ ಲಾನ್‌ಗೆ ಹಾಕುತ್ತಾರಲ್ಲ, ಹಳದಿ ಹೂವಿನ ಕಾಡು ನೆಲಗಡಲೆ, ಅರಾಚಿಸ್ ಪಿಂಟೋಯ್, ಅದು ವಾಸಿ. ನೆರಳು ತಡೆಯುತ್ತದೆ, ನೆಲಕ್ಕೆ ಅಂಟಿಕೊಂಡೇ ಬೆಳೆಯುತ್ತದೆ, ತುಂಡು ನೆಟ್ಟರೆ ಸಾಕು. ಗೇರು ಗುಡ್ಡೆಯಲ್ಲಾದರೆ ಬೀಜ ಬೀಳುವ ಮೊದಲು, ಜನವರಿಯಲ್ಲೇ, ಮರದಡಿ ಕೊಚ್ಚಿ ಚೊಕ್ಕಟ ಮಾಡಲೇಬೇಕು.

ರಬ್ಬರ್ ತೋಟದವರು ಹಾಕುವ ಮುಕುನಾ ಬಳ್ಳಿ ತರಲಾ ಅಂತಲೂ ಕೇಳುತ್ತಾರೆ. ಅದು ಕಳೆಯನ್ನು ಬೇಗ ಮುಚ್ಚುತ್ತದೆ ನಿಜ, ಜೊತೆಗೆ ಎಳೆಯ ಗಿಡಗಳ ಮೇಲೂ ಅಷ್ಟೇ ಬೇಗ ಹತ್ತುತ್ತದೆ. ವಾರಕ್ಕೊಮ್ಮೆ ಬಿಡಿಸಲು ಆಳು ಇಲ್ಲದಿದ್ದರೆ ಬೇಡ.

ಪ್ಯೂರೇರಿಯಾ ಬೀಜದ ಸಿಪ್ಪೆ ಗಟ್ಟಿ. ಬಿಸಿನೀರಿಗೆ ಹಾಕಿ ರಾತ್ರಿಯಿಡೀ ನೆನೆಸಿ, ಮುಂಗಾರು ಹಿಡಿಯುತ್ತಿದ್ದಂತೆ ಬಿತ್ತಿ. ಮೊದಲ ಮಳೆಗಾಲದಲ್ಲಿ ಅದು ನಿಧಾನ, ಆಗ ಕಳೆಯನ್ನು ನೀವೇ ಕೀಳಬೇಕು. ಆ ಒಂದು ವರ್ಷದ ಕೂಲಿಯನ್ನು ಮೊದಲೇ ಲೆಕ್ಕಕ್ಕೆ ಹಿಡಿದುಕೊಂಡು ಶುರು ಮಾಡಿ.