ಲ್ಯಾಬ್ ಹಿಂದಿನ ಗೂಡು ಮತ್ತು ಗದಗಕರ್ ಅವರ ಕಣಜಗಳು

ಡಾ. ರಾಘವೇಂದ್ರ ಗದಗಕರ್ ಅವರ ಹೆಸರನ್ನು ನಾನು ಮೊದಲು ಕೇಳಿದ್ದು ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ. 1993ರಲ್ಲಿ ಅವರಿಗೆ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂದಿತ್ತು. ನಮ್ಮ ಮೇಷ್ಟ್ರು ಆ ಸುದ್ದಿಯ ಪೇಪರ್ ತುಂಡನ್ನು ಕತ್ತರಿಸಿ ಬೀರುವಿನ ಗಾಜಿಗೆ ಅಂಟಿಸಿದ್ದರು. ನಮಗೆ ಆಗ ವಿಜ್ಞಾನಿ ಅಂದರೆ ಬಿಳಿ ಕೋಟು, ದೊಡ್ಡ ದೊಡ್ಡ ಯಂತ್ರ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಕೂತು ಕಣಜದ ಹುಳಗಳನ್ನು ನೋಡುವುದೇ ಒಬ್ಬರ ಕೆಲಸ ಅಂತ ಕೇಳಿ ನಂಬಲಿಕ್ಕೇ ಆಗಲಿಲ್ಲ.

"ಬರೀ ಓದಿದರೆ ಆಗಲ್ಲ, ಬನ್ನಿ" ಅಂತ ಮೇಷ್ಟ್ರು ನಮ್ಮನ್ನು ಹಿಂದಿನ ವರಾಂಡಕ್ಕೆ ಕರೆದುಕೊಂಡು ಹೋದರು. ಕಿಟಕಿಯ ಮೇಲಿನ ಸಜ್ಜಾದ ಅಡಿಯಲ್ಲಿ ಒಂದು ಬೂದು ಬಣ್ಣದ ಗೂಡು ತೂಗುತ್ತಿತ್ತು. ತೆಳ್ಳಗಿನ ಒಂದೇ ತೊಟ್ಟು, ಅದರ ಕೆಳಗೆ ಆರು ಮೂಲೆಯ ಕೋಣೆಗಳು. ಮೇಲೆ ಹೊದಿಕೆ ಇಲ್ಲ, ಹಾಗಾಗಿ ಒಳಗಿನ ಸಂಸಾರವೆಲ್ಲ ಕಣ್ಣಿಗೆ ಕಾಣುತ್ತಿತ್ತು. ಒಂದು ಕೋಣೆಯಲ್ಲಿ ಮೊಟ್ಟೆ, ಪಕ್ಕದ್ದರಲ್ಲಿ ಮರಿಹುಳ, ಇನ್ನೊಂದು ಬಾಯಿ ಮುಚ್ಚಿದ ಕೋಣೆಯಲ್ಲಿ ಕೋಶ. ಕಣಜಗಳು ಗಿಡಮರದ ನಾರನ್ನು ಕೆರೆದು, ಎಂಜಲಲ್ಲಿ ಕಲಸಿ ಕಾಗದದಂಥ ಈ ಗೂಡು ಕಟ್ಟುತ್ತವೆ. ಇದರ ಹೆಸರು ರೊಪಲೀಡಿಯಾ ಮಾರ್ಜಿನೇಟಾ. ದಕ್ಷಿಣ ಭಾರತದಲ್ಲಿ ಎಲ್ಲೆಲ್ಲೂ ಸಿಗುವ ಹುಳ. ಗದಗಕರ್ ತಮ್ಮ ಬದುಕಿನ ಬಹುಪಾಲನ್ನು ಕೊಟ್ಟಿದ್ದು ಇದೇ ಹುಳಕ್ಕೆ.

ಅವರು ಪಿಎಚ್.ಡಿ. ಮಾಡಿದ್ದು ಆಣ್ವಿಕ ಜೀವಶಾಸ್ತ್ರದಲ್ಲಿ (ಮಾಲಿಕ್ಯುಲರ್ ಬಯಾಲಜಿ), ಬ್ಯಾಕ್ಟೀರಿಯಾಗಳಿಗೆ ತಗಲುವ ವೈರಸ್‌ಗಳ ಮೇಲೆ. ಆ ದಾರಿಯಲ್ಲೇ ಹೋಗಿದ್ದರೆ ಒಳ್ಳೆಯ ಹೆಸರು, ಅನುದಾನ ಎಲ್ಲ ಸಿಗುತ್ತಿತ್ತೇನೋ. ಅದನ್ನು ಬಿಟ್ಟು ಗೂಡಿನ ಮುಂದೆ ನೋಟ್‌ಬುಕ್ ಹಿಡಿದು ಕೂರಲು ಧೈರ್ಯ ಬೇಕು ಅಲ್ವಾ? ಈ ಮಾತನ್ನು ಮೇಷ್ಟ್ರು ಪ್ರತಿ ಬ್ಯಾಚಿಗೂ ಹೇಳುತ್ತಿದ್ದರು. ನನಗೂ ಇವತ್ತಿಗೂ ಅದು ದೊಡ್ಡ ಮಾತೇ.

ಮೇಷ್ಟ್ರ ಜೊತೆ ಬೆಳಗಿನ ಚಳಿಯಲ್ಲಿ, ಹುಳಗಳು ಇನ್ನೂ ಜಡವಾಗಿರುವಾಗ, ಕಡ್ಡಿಯ ತುದಿಯಿಂದ ಒಂದೊಂದರ ಬೆನ್ನಿಗೂ ಬಣ್ಣದ ಚುಕ್ಕೆ ಇಡುತ್ತಿದ್ದೆವು. ಬಿಳಿ, ಕೆಂಪು, ಹಳದಿ, ನೀಲಿ ಹೀಗೆ. ಚುಕ್ಕೆ ಬಿದ್ದ ಮೇಲೆ ಗೂಡು ಬೇರೆಯೇ ಆಗಿ ಕಾಣತೊಡಗಿತು. ಅಲ್ಲಿಯವರೆಗೂ ಅವೆಲ್ಲ ಒಂದೇ ಥರದ ಹುಳಗಳು. ಈಗ ಕೆಂಪು ದಿನವಿಡೀ ಹೊರಗೆ ಹೋಗಿ ಕಂಬಳಿಹುಳ ತಂದು, ಅಗಿದು ಉಂಡೆ ಮಾಡಿ ಮರಿಗಳಿಗೆ ಹಂಚುತ್ತಾಳೆ. ನೀಲಿ ಗೂಡು ಬಿಟ್ಟು ಹೋಗುವುದು ಅಪರೂಪ, ಆದರೆ ಬಂದವರನ್ನೆಲ್ಲ ಕುಕ್ಕುತ್ತಾಳೆ, ಅಟ್ಟಿಸಿಕೊಂಡು ಹೋಗುತ್ತಾಳೆ. ಬಿಳಿ ಮಾತ್ರ ಸುಮ್ನೆ ಕೂತಿರುತ್ತಾಳೆ.

ಗದಗಕರ್ ಮತ್ತು ಎನ್.ವಿ. ಜೋಶಿ 1983ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು. ಗೂಡಿನ ಹೆಣ್ಣುಗಳು ನಡತೆಯಲ್ಲಿ ಮೂರು ಗುಂಪಾಗುತ್ತವೆ: ಕೂರುವವರು, ಜಗಳವಾಡುವವರು, ಮೇವು ತರುವವರು. ರಾಣಿ ಯಾವ ಗುಂಪು? ಜಗಳಗಂಟಿಯೇ ಇರಬೇಕು ಅಂತ ನಾವೆಲ್ಲ ಅಂದುಕೊಂಡಿದ್ದೆವು. ಆದರೆ ರಾಣಿ ಕೂರುವವರ ಗುಂಪಿನವಳು. ನಮ್ಮ ಗೂಡಿನಲ್ಲೂ ಖಾಲಿ ಕೋಣೆಗೆ ಹೊಟ್ಟೆ ಇಳಿಬಿಟ್ಟು ಮೊಟ್ಟೆ ಇಟ್ಟಿದ್ದು ಬಿಳಿ ಚುಕ್ಕೆಯವಳೇ. ಯಾರ ಮೇಲೂ ಕೈ ಮಾಡದೆ, ಗೂಡಿನಲ್ಲಿ ಮೊಟ್ಟೆ ಇಡುವ ಹಕ್ಕನ್ನು ಇವಳೊಬ್ಬಳೇ ಉಳಿಸಿಕೊಂಡಿದ್ದು ಹೇಗೆ? ಆಮೇಲೆ ಅವರ ಪ್ರಯೋಗಾಲಯದಿಂದ ಬಂದ ಉತ್ತರ: ವಾಸನೆಯಿಂದ. ಡುಫೂರ್ ಗ್ರಂಥಿ ಎಂಬ ಸಣ್ಣ ಚೀಲದ ರಾಸಾಯನಿಕಗಳೇ ರಾಣಿ ಇದ್ದಾಳೆ ಅನ್ನುವ ಸುದ್ದಿಯನ್ನು ಸಾರುತ್ತವೆ.

ನನಗೆ ಜಾಸ್ತಿ ನೆನಪಿರುವುದು ಮೇಷ್ಟ್ರು ಬಿಳಿಯನ್ನು ಚಿಮಟದಲ್ಲಿ ಮೆಲ್ಲಗೆ ಎತ್ತಿ, ತೂತು ಮಾಡಿದ ಡಬ್ಬಿಗೆ ಬಿಟ್ಟ ದಿನ. ನಾವು ಗೂಡಿನ ಸುತ್ತ ಉಸಿರು ಬಿಗಿಹಿಡಿದು ನಿಂತೆವು. ಅರ್ಧ ಗಂಟೆಯೂ ಕಳೆದಿರಲಿಲ್ಲ. ಅಲ್ಲಿಯವರೆಗೆ ನಮ್ಮ ಪುಸ್ತಕದಲ್ಲಿ ವಿಶೇಷವಾಗಿ ಏನೂ ಬರೆಸಿಕೊಳ್ಳದಿದ್ದ ಹಳದಿ ಚುಕ್ಕೆಯವಳು ಎದ್ದಳು. ಒಬ್ಬೊಬ್ಬರನ್ನೂ ಹುಡುಕಿಕೊಂಡು ಹೋಗಿ ಕುಕ್ಕಿದಳು, ಮೇಲೆ ಹತ್ತಿ ಕೂತಳು, ಕಚ್ಚಿ ಎಳೆದಳು. ಯಾರೂ ತಿರುಗಿ ಬೀಳಲಿಲ್ಲ. ನೀಲಿ ಕೂಡ ತಲೆ ತಗ್ಗಿಸಿದಳು! ಸಂಜೆ ರಾಣಿಯನ್ನು ವಾಪಸ್ ಬಿಟ್ಟೆವು. ಹಳದಿಯ ಆರ್ಭಟ ಇಳಿದುಹೋಯಿತು. ರಾಣಿ ಬಾರದೇ ಹೋಗಿದ್ದರೆ ಅವಳ ಸಿಟ್ಟು ದಿನದಿಂದ ದಿನಕ್ಕೆ ಕಡಿಮೆಯಾಗಿ, ಸುಮಾರು ಒಂದು ವಾರದಲ್ಲಿ ಮೊಟ್ಟೆ ಇಡಲು ಶುರು ಮಾಡಿ, ಅವಳೂ ಸಾಧು ರಾಣಿಯೇ ಆಗುತ್ತಿದ್ದಳು.

"ಸಾರ್, ಇವಳೇ ಅಂತ ಮೊದಲೇ ಹೇಳೋಕೆ ಆಗಲ್ವಾ?" ನಮ್ಮಲ್ಲಿ ಯಾರೋ ಕೇಳಿದರು.

"ಗದಗಕರ್ ಅವರಿಗೇ ಇನ್ನೂ ಆಗಿಲ್ಲಯ್ಯ," ಅಂದರು ಮೇಷ್ಟ್ರು.

ಈ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅದರ ಜೊತೆ ಇನ್ನೊಂದು ಪ್ರಶ್ನೆಯೂ ಇತ್ತು. ಕೆಂಪು ಯಾಕೆ ಇನ್ನೊಬ್ಬಳ ಮಕ್ಕಳಿಗೆ ದುಡಿಯುತ್ತಾಳೆ? ಆಗತಾನೆ ಕೋಶದಿಂದ ಹೊರಬಂದ ಹೆಣ್ಣುಗಳನ್ನು ಗದಗಕರ್ ಅವರ ತಂಡ ಒಂಟಿಯಾಗಿ ಇಟ್ಟು ನೋಡಿದಾಗ ಹೆಚ್ಚುಕಡಿಮೆ ಅರ್ಧದಷ್ಟು ತಾವೇ ಗೂಡು ಕಟ್ಟಿ ಮೊಟ್ಟೆ ಇಟ್ಟವು. ಅಂದರೆ ಕೆಲಸದವಳಾಗಿಯೇ ಹುಟ್ಟಿದವಳು ಅಂತ ಹೇಳುವ ಹಾಗಿಲ್ಲ. ಹತ್ತಿರದ ರಕ್ತಸಂಬಂಧಿಗೆ ದುಡಿದರೆ ತನ್ನ ವಂಶವಾಹಿಗಳೇ ಮುಂದೆ ಹೋಗುತ್ತವೆ ಅನ್ನುವುದು 1964ರಲ್ಲಿ ಇಂಗ್ಲೆಂಡಿನ ಜೀವವಿಜ್ಞಾನಿ ಹ್ಯಾಮಿಲ್ಟನ್ ಕೊಟ್ಟ ವಿವರಣೆ. ಆದರೆ ಈ ಕಣಜದ ರಾಣಿ ಒಂದಕ್ಕಿಂತ ಹೆಚ್ಚು ಗಂಡುಗಳ ಜೊತೆ ಕೂಡುತ್ತಾಳೆ, ರಾಣಿಯರೂ ಬದಲಾಗುತ್ತಿರುತ್ತಾರೆ. ಹಾಗಾಗಿ ಗೂಡಿನಲ್ಲಿ ಎಲ್ಲರೂ ಅಷ್ಟೇನೂ ಹತ್ತಿರದ ನೆಂಟರಲ್ಲ.

1990ರಲ್ಲಿ ಗದಗಕರ್ ಇದಕ್ಕೆ ಇನ್ನೊಂದು ಕಾರಣ ಮುಂದಿಟ್ಟರು. ಮೊಟ್ಟೆ ಬೆಳೆದು ಕಣಜವಾಗಲು ಸುಮಾರು ಎರಡು ತಿಂಗಳು ಬೇಕು. ಒಂಟಿ ತಾಯಿ ಅಷ್ಟರೊಳಗೆ ಸತ್ತರೆ ಅಷ್ಟೂ ಮಕ್ಕಳು ಸತ್ತ ಹಾಗೆ. ಗುಂಪಿನಲ್ಲಿ ದುಡಿದವಳು ಹತ್ತೇ ದಿನ ಬದುಕಿದರೂ ಅವಳ ದುಡಿಮೆ ನೀರುಪಾಲಾಗುವುದಿಲ್ಲ. ಉಳಿದ ಕೆಲಸವನ್ನು ಬೇರೆಯವರು ಮುಗಿಸುತ್ತಾರೆ. ಅವಿಭಕ್ತ ಕುಟುಂಬದಲ್ಲಿ ಬೆಳೆದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಪ್ಪ ತೀರಿಕೊಂಡ ವರ್ಷವೂ ನಮ್ಮ ಗದ್ದೆ ನಾಟಿಯಾಗಿತ್ತು.

ಮುಂದಿನ ರಾಣಿ ಯಾರು ಅನ್ನುವ ಮೊದಲಿನ ಪ್ರಶ್ನೆಗೆ ಉತ್ತರ ಸಿಗಲು ತುಂಬಾ ವರ್ಷ ಹಿಡಿಯಿತು. ನಾನು ಆಗಲೇ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ಅನಿಂದಿತಾ ಭದ್ರ ಮತ್ತು ಗದಗಕರ್ 2008ರಲ್ಲಿ ಪ್ರಕಟಿಸಿದ ಪ್ರಯೋಗ ಎಷ್ಟು ಸರಳ ನೋಡಿ. ಗೂಡನ್ನು ಎರಡು ಹೋಳು ಮಾಡಿ ನಡುವೆ ಜಾಲರಿ ಹಾಕಿದರು. ಹುಳಗಳನ್ನು ಎರಡೂ ಕಡೆ ಹಂಚಿದರು. ರಾಣಿ ಒಂದೇ ಕಡೆ. ರಾಣಿ ಇಲ್ಲದ ಕಡೆ ಒಬ್ಬಳು ಎದ್ದು ಆರ್ಭಟಿಸಿದಳು. ಆಮೇಲೆ ರಾಣಿಯನ್ನು ಆ ಕಡೆಗೆ ಸಾಗಿಸಿದರು. ಕೆಲವು ಗೂಡುಗಳಲ್ಲಿ ಮೊದಲು ಎದ್ದವಳೇ ನಿಜವಾದ ವಾರಸುದಾರಳು. ಉಳಿದವುಗಳಲ್ಲಿ ಅವಳು ತೆಪ್ಪಗಾದಳು, ಇನ್ನೊಂದು ಹೋಳಿನವಳು ಮುಂದೆ ಬಂದಳು. ಹಾಗೆ ಬಂದ ಎರಡನೆಯವಳನ್ನು ಯಾರೂ ಎದುರಿಸಲಿಲ್ಲ. ಮುಂದಿನ ರಾಣಿ ಯಾರು ಅಂತ ನೋಡುವವರಿಗೆ ಗೊತ್ತಾಗುವುದಿಲ್ಲ, ಹುಳಗಳಿಗೆ ಗೊತ್ತು! 2012ರಲ್ಲಿ ಅಲೋಕ್ ಬಾಂಗ್ ಮತ್ತು ಗದಗಕರ್ ಇನ್ನೂ ಮುಂದೆ ಹೋದರು. ಒಬ್ಬಳಾದ ಮೇಲೆ ಒಬ್ಬಳನ್ನು ತೆಗೆಯುತ್ತಾ ಹೋದರೂ, ಐದನೆಯವಳವರೆಗೂ ಜಗಳವಿಲ್ಲದೆ ಸರದಿ ನಡೆಯಿತು.

ಇದನ್ನು ಓದಿದ ದಿನವೇ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ನಿವೃತ್ತರಾಗಿ ಊರಿಗೆ ಹೋಗಿದ್ದರು. ಎಲ್ಲವನ್ನೂ ಹೇಳಿಸಿಕೊಂಡು, ಜಾಲರಿಯ ಭಾಗವನ್ನು ಇನ್ನೊಮ್ಮೆ ಹೇಳು ಅಂದರು. ಆಮೇಲೆ, "ಸರಿ, ಹುಳಕ್ಕೆ ಗೊತ್ತು. ಹೇಗೆ ಗೊತ್ತು? ಗಾತ್ರವಾ, ವಯಸ್ಸಾ, ಜಗಳದಲ್ಲಿ ಗೆದ್ದಿದ್ದಾ?" ಅಂತ ಶುರು ಮಾಡಿದರು. ಗಾತ್ರವೂ ಅಲ್ಲ, ಜಗಳವೂ ಅಲ್ಲ, ವಯಸ್ಸಾದವರಿಗೆ ಅವಕಾಶ ಸ್ವಲ್ಪ ಹೆಚ್ಚು, ಆದರೆ ಅದೊಂದನ್ನೇ ನಂಬುವ ಹಾಗಿಲ್ಲ ಅಂದೆ. "ಹಾಗಾದರೆ ಇನ್ನೂ ಕೆಲಸ ಇದೆ," ಅಂದರು. ಅವರ ಮನೆಯ ದನದ ಕೊಟ್ಟಿಗೆಯ ಸೂರಿನಲ್ಲಿ ಒಂದು ಗೂಡು ಇದೆಯಂತೆ. ಬಣ್ಣ ತಗೊಂಡು ಬಾ ಅಂದರು. ಆ ಬೇಸಿಗೆ ರಜೆಯಲ್ಲಿ ನನ್ನ ಶಾಲೆಯ ಮಕ್ಕಳನ್ನೂ ಕರೆದುಕೊಂಡು ಹೋದೆ.