ಹಳ್ಳ ದಾಟುವ ಲೆಕ್ಕ

ಕಣಿವೆಯೊಳಗಿನ ಜಲಪಾತಕ್ಕೆ ಹೋಗುವ ದಾರಿ ಸಾಮಾನ್ಯವಾಗಿ ಹಳ್ಳವನ್ನೇ ಹಿಡಿದು ಸಾಗುತ್ತದೆ. ಈ ದಡ ಕಡಿದಾದಾಗ ಆ ದಡಕ್ಕೆ, ಅಲ್ಲಿ ಬಂಡೆ ಅಡ್ಡ ಬಂದಾಗ ಮತ್ತೆ ಈ ದಡಕ್ಕೆ. ಬೆಳಿಗ್ಗೆ ದಾಟಿದ್ದನ್ನೆಲ್ಲ ಮಧ್ಯಾಹ್ನ ಮತ್ತೆ ದಾಟಬೇಕು ಅನ್ನುವುದು ಹೊರಡುವ ಉತ್ಸಾಹದಲ್ಲಿ ಮರೆತೇ ಹೋಗುತ್ತದೆ. ಉಷ್ಣವಲಯದಲ್ಲಿ ಮೋಡ ಕಟ್ಟುವುದೂ ಹೆಚ್ಚಾಗಿ ಮಧ್ಯಾಹ್ನದ ಮೇಲೆಯೇ.

ಹನ್ನೆರಡು ಜನ, ಒಂದು ಕಡೆಗೆ 6 ಕಿ.ಮೀ., ಆರು ಸಲ ಹಳ್ಳ ಅಂತಿಟ್ಟುಕೊಳ್ಳಿ. ಬೇರು, ಕೆಸರು, ಕಲ್ಲುಗಳ ನಡುವೆ ಗಂಟೆಗೆ 2 ಕಿ.ಮೀ. ಸಾಗಿದರೆ ಹೆಚ್ಚು, ಅಲ್ಲಿಗೆ 3 ಗಂಟೆ. ಒಬ್ಬೊಬ್ಬರಾಗಿ ದಾಟುವುದಕ್ಕೆ ಹಳ್ಳಕ್ಕೆ 10 ನಿಮಿಷದಂತೆ ಇನ್ನೊಂದು ಗಂಟೆ. ಬೆಳಿಗ್ಗೆ 6ಕ್ಕೆ ಹೊರಟರೆ 10ಕ್ಕೆ ಜಲಪಾತ, 11ಕ್ಕೆ ತಿರುಗಿದರೆ 3ಕ್ಕೆ ಹೊರಗೆ. 8ಕ್ಕೆ ಹೊರಟವರಿಗೆ ಇದೇ ಲೆಕ್ಕ 5 ಗಂಟೆಗೆ ಬಂದು ನಿಲ್ಲುತ್ತದೆ, ಮರಗಳಡಿ ಆಗಲೇ ಮಬ್ಬು. ಹನ್ನೊಂದಕ್ಕೆ ಎಲ್ಲಿದ್ದರೆ ಅಲ್ಲಿಂದ ವಾಪಸ್ ಅಂತ ಹೊರಡುವ ಮೊದಲೇ ಮಾತಾಗಿರಲಿ. ನೀರಿನ ಸದ್ದು ಕಿವಿಗೆ ಬಿದ್ದ ಮೇಲೆ ಯಾರೂ ಕೇಳುವುದಿಲ್ಲ.

ನಿಧಾನವಾಗಿ ನಡೆಯುವವರು ಮುಂದಿನ ಮೂರ್ನಾಲ್ಕು ಜನರೊಳಗಿರಲಿ, ದಾರಿ ಬಲ್ಲ ಗಟ್ಟಿಗರೊಬ್ಬರು ಕೊನೆಗೆ. ಪ್ರತಿ ಹಳ್ಳದಾಚೆ ತಲೆ ಎಣಿಸಿ. ಬೇರಿನ ಮೇಲೆ ಕಾಲಿಡದೆ ದಾಟಿ ಇಡಬೇಕು. ಒದ್ದೆ ಬೇರು ತುಂಬ ಜಾರುತ್ತದೆ.

ದಾಟಲು ಹಳ್ಳ ಅಗಲವಾಗಿ ಹರಡಿ, ಕಲ್ಲುಗಳ ಮೇಲೆ ಸಣ್ಣ ಅಲೆ ಏಳುವ ಜಾಗ ಹುಡುಕಿ. ಕಿರಿದಾಗಿ ಕಂಡಲ್ಲಿ ಆಳವೂ ಸೆಳೆತವೂ ಹೆಚ್ಚು. ಬಿದ್ದರೆ ಎಲ್ಲಿಗೆ ಕೊಚ್ಚಿಕೊಂಡು ಹೋಗುತ್ತೀರಿ ಅನ್ನುವುದನ್ನೂ ಕೆಳಗಡೆ ನೋಡಿಕೊಳ್ಳಿ: ಅಡ್ಡಬಿದ್ದ ಮರ ಇದ್ದರೆ ಆ ಜಾಗ ಬೇಡ. ಶೂ ಬಿಚ್ಚಬೇಡಿ, ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿ. ನೀರು ಬರುವ ಕಡೆಗೆ ಮುಖ ಮಾಡಿ, ಕೋಲನ್ನು ಮುಂದೆ ಊರಿ, ಎರಡು ಕಾಲು ಒಂದು ಕೋಲು ಈ ಮೂರರಲ್ಲಿ ಒಂದನ್ನು ಮಾತ್ರ ಎತ್ತುತ್ತ ಅಡ್ಡಡ್ಡ ಸರಿಯಿರಿ. ರಭಸದ ನೀರು ಮಂಡಿ ಮೀರಿದರೆ ದಾಟುವ ಮಾತೇ ಇಲ್ಲ. ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುವುದಂತೂ ಕೂಡದು. ಜಾರಿದವರನ್ನು ಸೆಳೆತ ಹಗ್ಗದ ತುದಿಯಲ್ಲೇ ನೀರಿನಡಿಗೆ ಒತ್ತಿ ಹಿಡಿಯುತ್ತದೆ.

ಹೋಗುವಾಗಲೇ ಪ್ರತಿ ದಾಟಿನಲ್ಲಿ ಅರ್ಧ ಮುಳುಗಿದ ಒಂದು ಕಲ್ಲಿನ ಫೋಟೊ ತೆಗೆದಿಡಿ. ಮರಳುವಾಗ ಆ ಕಲ್ಲು ಕಾಣದಿದ್ದರೆ ನೀರು ಏರಿದೆ ಅಂತಲೇ ಅರ್ಥ, ವಾದಕ್ಕೆ ಜಾಗವಿಲ್ಲ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಸುರಿದ ಮಳೆ ಹಳ್ಳಕ್ಕೇ ಬರುವುದು. ತಿಳಿ ನೀರು ಚಹಾ ಬಣ್ಣಕ್ಕೆ ತಿರುಗಿ, ಎಲೆ ಕಡ್ಡಿ ತೇಲಿಬಂದು, ತಳದಲ್ಲಿ ಕಲ್ಲುರುಳುವ ಸದ್ದು ಕೇಳಿದರೆ ಹಳ್ಳದ ಪಾತ್ರ ಬಿಟ್ಟು ಎತ್ತರಕ್ಕೆ ಹತ್ತಿ ಕೂರಬೇಕು. ಬೇಗ ಏರುವ ಚಿಕ್ಕ ಕಣಿವೆಯ ಹಳ್ಳ ಬೇಗ ಇಳಿಯುವುದೂ ಉಂಟು. ಆ ಕಾಯುವಿಕೆಗಾಗಿಯೇ ತಲೆಗೊಂದು ಟಾರ್ಚ್, ಒಣ ಅಂಗಿ, ಒಂದು ಹೊತ್ತಿನ ಹೆಚ್ಚುವರಿ ತಿಂಡಿ.

ಇಂಬಳಕ್ಕೆ ಉಪ್ಪೂ ಬೇಡ, ಬೆಂಕಿಯೂ ಬೇಡ. ಕಚ್ಚಿದ ಸಣ್ಣ ತುದಿಯ ಪಕ್ಕ ಉಗುರು ತೂರಿಸಿ ಜಾರಿಸಿದರೆ ಬಿಡುತ್ತದೆ. ರಕ್ತ ಗಂಟೆಗಟ್ಟಲೆ ಒಸರಿದರೂ ಗಾಬರಿ ಬೇಡ.

ಜಲಪಾತದ ನೇರ ಕೆಳಗೆ ನಿಲ್ಲಬಾರದು, ಮೇಲಿನಿಂದ ಕಲ್ಲೂ ಬೀಳುತ್ತದೆ. ನೀರು ಬೀಳುವ ಕಡೆಯ ಬಿಳಿನೊರೆಯಲ್ಲಿ ಗಾಳಿ ತುಂಬಿರುವುದರಿಂದ ಒಳ್ಳೆಯ ಈಜುಗಾರರೂ ತೇಲಲು ಒದ್ದಾಡುತ್ತಾರೆ. ತಳ ಕಾಣದ ಗುಂಡಿಗೆ ಹಾರುವುದಂತೂ ಬೇಡವೇ ಬೇಡ.

ಕಾಲಿನ ಗಾಯಗಳನ್ನು ನೀರಿಗಿಳಿಯುವ ಮೊದಲೇ ಜಲನಿರೋಧಕ ಪಟ್ಟಿಯಿಂದ ಮುಚ್ಚಿ. ಹಳ್ಳದ ನೀರಿನಿಂದ ಇಲಿಜ್ವರ ತಗಲಬಹುದು. ಅದು ಕಾಣಿಸಿಕೊಳ್ಳುವುದು 2ರಿಂದ 30 ದಿನಗಳೊಳಗೆ. ಆ ಅವಧಿಯಲ್ಲಿ ಜ್ವರ, ಮೀನಖಂಡದಲ್ಲಿ ನೋವು, ಕೆಂಪು ಕಣ್ಣು ಬಂದರೆ ವೈದ್ಯರಿಗೆ ಮೊದಲು ಹೇಳಬೇಕಾದದ್ದು ಹಳ್ಳಕ್ಕಿಳಿದಿದ್ದ ದಿನಾಂಕ.