ಬುಧವಾರದ ಮಾಸ್ಕ್

ಬೀರು ಕ್ಲೀನ್ ಮಾಡುವಾಗ ಒಂದು ಕಂದು ಕಾಗದದ ಕವರ್ ಸಿಕ್ಕಿತು. ಮೇಲೆ ನನ್ನದೇ ಅಕ್ಷರ: ‘3, ಬುಧವಾರ’. 2020ರ ಕೋವಿಡ್ ವಾರ್ಡ್ ಡ್ಯೂಟಿ ಕಣ್ಣ ಮುಂದೆ ಬಂತು. ಎನ್95ಗೆ ಬರ. ದಿನಕ್ಕೊಂದರಂತೆ ಐದು ಮಾಸ್ಕ್, ಐದು ಕವರ್. ಹಾಕಿ ತೆಗೆದದ್ದನ್ನು ಒಣಗಲು ಬಿಟ್ಟರೆ, ಮತ್ತೆ ಅದರ ಸರದಿ ಬರುವಷ್ಟರಲ್ಲಿ ವೈರಸ್ ಸತ್ತಿರುತ್ತದೆ ಅನ್ನೋ ಲೆಕ್ಕ. ಪ್ಲಾಸ್ಟಿಕ್ ಕವರ್ ಆಗಲ್ಲ, ಬೆವರಿನ ತೇವ ಒಳಗೇ ಉಳಿಯುತ್ತದೆ.

ಹೊಸದಾಗಿ ಬಂದ ಹುಡುಗಿಯೊಬ್ಬಳು, ಪಾಪ, ತನ್ನ ಮಾಸ್ಕಿಗೆ ಚೆನ್ನಾಗಿ ಸ್ಪಿರಿಟ್ ಹೊಡೆದಿದ್ದಳು. ನೋಡೋಕೆ ಏನೂ ಆಗಿರಲಿಲ್ಲ. ಆದರೆ ಸಣ್ಣ ಕಣಗಳನ್ನು ಹಿಡಿಯುವುದು ಒಳಪದರದ ವಿದ್ಯುತ್ ಚಾರ್ಜ್. ಸ್ಪಿರಿಟ್ ಬಿದ್ದರೆ ಅದೇ ಹೋಗುತ್ತದೆ ಅಲ್ವಾ!

ಅಮೆರಿಕದಲ್ಲಿ ಮಾಸ್ಕಿನ ವೈರಸ್ ಕೊಲ್ಲಲು ಹೈಡ್ರೋಜನ್ ಪೆರಾಕ್ಸೈಡ್ ಆವಿ ಕೊಡುತ್ತಿದ್ದರು. ನಮಗೆ ಕಿಟಕಿ ಪಕ್ಕದ ಹಗ್ಗ, ಬಟ್ಟೆ ಕ್ಲಿಪ್ಪು.

ಕವರ್ ಎಸೆಯೋಕೆ ಮನಸ್ಸಾಗಲಿಲ್ಲ. ಸುಮ್ನೆ ಮತ್ತೆ ಬೀರುವಿನಲ್ಲೇ ಇಟ್ಟೆ.